ಭೂಮದ ತುತ್ತು

ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ನನ್ನ ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ನನ್ನ ತಾಟಿನಲ್ಲಿಯೇ, ನನ್ನ ಕೈಯಿಂದಲೇ ಉಣ್ಣಬೇಕೆಂದು ರಚ್ಚೆ ಹಿಡಿಯುವ ಕೂಸು. ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಹಿರಿಯಳೊಬ್ಬಳು ಈ ಬೇನೆ ಎಂಜಲಿನಿಂದ ಹತ್ತುತ್ತದೆ ಎಂದಳು. ಡಾಕ್ಟರನ್ನು ಕೇಳಲು ನನಗೆ ನಾಚಿಕೆ. ಅಂದಿನಿಂದ ತಾಟು, ತಂಬಿಗೆ ಬೇರೆ ಇಟ್ಟುಕೊಂಡೆ, ಬಾಗಿಲ ಹತ್ತಿರ ಒಬ್ಬಳೇ ಕೂತು ಉಣ್ಣತೊಡಗಿದೆ. ಹಾಗೆ ಮಾಡೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಅತ್ತೆ ಬೈದರು ಕೂಡ. ಆದರೆ ನಾನು ಹಿಡಿದದ್ದನ್ನು ಬಿಡುವವಳಲ್ಲ. ಅವ್ವನ ತಾಟು ಮುಟ್ಟಬಾರದು ಎಂದು ಮಗಳಿಗೂ ಕಲಿಸಿದೆ. ಅವಳು ನಾಲ್ಕು ದಿನ ಅತ್ತು ಸುಮ್ಮನಾದಳು.

ಮುಂಬಯಿಯ ದೊಡ್ಡ ದವಾಖಾನೆಯಲ್ಲಿ ಗಂಟಿನ ಜೊತೆ ಎದೆಯನ್ನೂ ತೆಗೆದರು. ಇನ್ನು ಬೇನೆಯ ಬೇರು ಸುಡಲು ಯಂತ್ರದಿಂದ ಕರೆಂಟು ಕೊಡಬೇಕು, ತಿಂಗಳೊಪ್ಪತ್ತು ಇಲ್ಲೇ ಇರಬೇಕು ಎಂದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಬಿಟ್ಟು ಬಂದಿದ್ದ ನಮ್ಮ ಯಜಮಾನರು ಎಷ್ಟು ದಿನವೆಂದು ಕೂತಾರು? ನಮ್ಮ ಕಡೆಯವರು ನಡೆಸುವ ಖಾನಾವಳಿಯೊಂದು ಇದೆಯೆಂದು ತಿಳಿದು, ನನ್ನನ್ನು ಅಲ್ಲಿ ಬಿಟ್ಟು, ಕಣ್ಣೊರೆಸಿಕೊಳ್ಳುತ್ತ ರೈಲು ಹತ್ತಿದರು.

ಖಾನಾವಳಿಯೆಂದರೆ ಚಾಳಿನ ಎರಡು ಕೋಣೆ. ನಡೆಸುತ್ತಿದ್ದವಳು ನರಗುಂದದ ವಿಧವೆ. ನಾನು ಚಿಗವ್ವ ಎಂದು ಕರೆದೆ. ಉಣ್ಣಲು ಬರುವವರೆಲ್ಲ ರೋಣ, ಸೂಡಿ, ಅಬ್ಬಿಗೇರಿ ಕಡೆಯಿಂದ ಬಂದು ಬಟ್ಟೆ ಗಿರಣಿ ಸೇರಿದ ಗಂಡಸರು. ಮೊದಲ ದಿನವೇ ಚಿಗವ್ವನಿಗೂ ನನಗೂ ರೊಟ್ಟಿಯ ಮೇಲೆ ಜಟಾಪಟಿ. ಗಜೇಂದ್ರಗಡದವರು ರೊಟ್ಟಿ ಬಡಿದರೆ ಅದನ್ನು ಮುರಿಯಲು ಇಬ್ಬರು ಬೇಕು ಎಂದು ಅವಳು ಚುಚ್ಚಿದಳು. ನರಗುಂದದ ರೊಟ್ಟಿ ಎಷ್ಟು ತಿಂದರೂ ಹೊಟ್ಟೆಗೆ ಗೊತ್ತೇ ಆಗುವುದಿಲ್ಲ ಎಂದು ನಾನೂ ಬಿಡಲಿಲ್ಲ.

ರಾತ್ರಿ ಪಾಳಿ ಮುಗಿಸಿ ಬಂದವರು ಸರದಿಯಂತೆ ನನ್ನನ್ನು ಟ್ರಾಮಿನಲ್ಲಿ ದವಾಖಾನೆಗೆ ಕರೆದೊಯ್ಯುತ್ತಿದ್ದರು. ಯಾರಿಗೂ ಬಿಡುವಿಲ್ಲದ ದಿನ ಚಿಗವ್ವನೇ ಬರುತ್ತಿದ್ದಳು. ಆ ಗಂಡಸರು ಹೊರಗಿನ ಬೆಂಚಿನ ಮೇಲೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಕರೆಂಟು ಕೊಡಿಸಿಕೊಂಡು ಬಂದ ನಾನೇ ಅವರನ್ನು ಎಬ್ಬಿಸಬೇಕು. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದರೋ ದೇವರಿಗೇ ಗೊತ್ತು. ಚರ್ಮ ಕಪ್ಪಾಗಿ ಉರಿಯುತ್ತಿತ್ತು, ಬಾಯಿಗೆ ಏನೂ ಸೇರುತ್ತಿರಲಿಲ್ಲ. ಯಾರೋ ಮೋಸಂಬಿ ತಂದಿಟ್ಟು, ಹೆಸರು ಹೇಳದೆ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಒಡಹುಟ್ಟಿದವರೂ ಇಷ್ಟು ಮಾಡಲಾರರು.

ಅಲ್ಲಿಯೂ ನನ್ನ ಹಟ ನಡೆದೇ ಇತ್ತು. ಎಲ್ಲರೂ ಉಂಡೆದ್ದ ಮೇಲೆ ಬಾಗಿಲ ಹತ್ತಿರ ನನ್ನ ತಾಟು ಹಿಡಿದು ಕೂಡುತ್ತಿದ್ದೆ, ನಾನೇ ತೊಳೆದು ಬೇರೆ ಇಡುತ್ತಿದ್ದೆ. ಚಿಗವ್ವ ನೋಡಿಯೂ ಏನೂ ಅನ್ನುತ್ತಿರಲಿಲ್ಲ. ಬೇರೆ ಕೂಡಬೇಡ ಅಂದಾಳೇನೋ ಎಂದು ಒಳಗೊಳಗೇ ಕಾಯುತ್ತಿದ್ದೆ. ಅನ್ನಲಿಲ್ಲ, ನನಗೆ ಕೆಟ್ಟೆನಿಸಿತು. ಬದುಕಿ ಊರಿಗೆ ಹೋದರೂ ಕೂಸಿಗೆ ಒಂದು ತುತ್ತು ಉಣಿಸಲಾರೆನಲ್ಲ, ಇಷ್ಟೆಲ್ಲ ಉರಿ ತಿನ್ನುವುದು ಯಾತಕ್ಕೆ ಎಂದು ಅಳು ಬರುತ್ತಿತ್ತು.

ಕರೆಂಟು ಮುಗಿಯುವ ಹೊತ್ತಿಗೆ ಚಿಗವ್ವನ ತಮ್ಮನ ಮಗಳ ಮದುವೆ ಚಾಳಿನಲ್ಲಿಯೇ ಆಯಿತು. ವರ ಅಬ್ಬಿಗೇರಿಯವನು, ಖಾನಾವಳಿಯಲ್ಲಿ ಉಣ್ಣುತ್ತಿದ್ದವನೇ. ಅಕ್ಕಿಕಾಳು ಬಿದ್ದ ಮೇಲೆ ಭೂಮಕ್ಕೆ ಕೂಡಬೇಕು. ಮದುಮಕ್ಕಳೊಂದಿಗೆ ಎರಡೂ ಕಡೆಯ ಮುತ್ತೈದೆಯರು ಒಂದೇ ದೊಡ್ಡ ಪರಾತದಲ್ಲಿ ಉಣ್ಣುವುದು, ಒಬ್ಬರಿಗೊಬ್ಬರು ತುತ್ತು ಕೊಡುವುದು ನಮ್ಮ ಕಡೆಯ ಪದ್ಧತಿ. ವರನ ಅಕ್ಕ ಬಂದು ಕೂತಳು. ಹುಡುಗಿಗೆ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ. ಚಿಗವ್ವ ನೇರ ಬಂದು ನನ್ನ ಕೈ ಹಿಡಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಅವಳನ್ನು ಒಲೆಯ ಹತ್ತಿರ ಎಳೆದುಕೊಂಡು ಹೋಗಿ, ತಿಳಿದೂ ತಿಳಿದೂ ಆ ಹುಡುಗಿಗೆ ನನ್ನ ಬೇನೆ ಹಚ್ಚುತ್ತೀಯಾ ಎಂದು ಕೇಳಿದೆ.

ಚಿಗವ್ವ ತಲೆ ತಗ್ಗಿಸಿದಳು. "ಖರೇ ಹೇಳತೀನಿ, ಮೊದಲ ನಾನೂ ಅಂಜಿದ್ದೆ. ಅದಕ ನೀ ತಾಟ ಬ್ಯಾರೆ ಇಟ್ಟಾಗ ಸುಮ್ಮನಿದ್ದೆ. ಮೊನ್ನಿ ನಿನ್ನ ಕರಕೊಂಡ ಹೋದಾಗ ಡಾಕ್ಟರಗ ಕೇಳೀನಿ. ಈ ಬ್ಯಾನಿ ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲಂತ."

ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀಯ ಎಂದೆ.

"ಒಂದ ಚೂರ ಅನುಮಾನ ಇದ್ದಿದ್ರ, ತಾಯಿಲ್ಲದ ಹುಡಿಗಿ ಬಾಜೂಕ ನಿನ್ನ ಕೂಡಸ್ತಿದ್ನೇನು? ಗಂಡ ಸತ್ತಾಕಿ ನಾ, ನನಗಂತೂ ಕೂಡಾಕ ಬರೂದಿಲ್ಲ. ನೀನರ ಕೂಡು."

ಸೆರಗು ಸರಿಮಾಡಿಕೊಂಡೆ. ಹೋಗಿ ಕೂತೆ. ಹುಡುಗಿ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ಇನ್ನು ನನ್ನ ಸರದಿ. ತುತ್ತು ಹಿಡಿದೆ, ಕೈ ಅರ್ಧದಾರಿಯಲ್ಲೇ ನಿಂತುಬಿಟ್ಟಿತು. ಸುತ್ತ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

"ಲಗೂ ಕೊಡ್ರಿ ಅಕ್ಕಾರ," ಎಂದಳು ಹುಡುಗಿ ಮೆಲ್ಲಗೆ, "ಮುಂಜಾನಿಯಿಂದ ಏನೂ ತಿಂದಿಲ್ಲ."

ನನ್ನ ಮುಂಗೈ ಹಿಡಿದು ತಾನೇ ಬಾಯಿಗೆ ಎಳೆದುಕೊಂಡಳು. ನನಗೆ ನಗುವೂ ಬಂತು, ಅಳುವೂ ಬಂತು. ಬಾಗಿಲಲ್ಲಿ ನಿಂತಿದ್ದ ಚಿಗವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಬಡಿಸುವವರನ್ನು ಸುಮ್ಮಸುಮ್ಮನೆ ಗದರಿಸುತ್ತಿದ್ದಳು.

ಮುಂದಿನ ವಾರ ಯಜಮಾನರು ಬಂದು ಊರಿಗೆ ಕರೆದುಕೊಂಡು ಹೋದರು. ಗಜೇಂದ್ರಗಡ ಮುಟ್ಟುವಾಗ ಮಧ್ಯಾಹ್ನ. ಮಗಳು ಮೊದಲು ಅತ್ತೆಯ ಹಿಂದೆ ಅಡಗಿದಳು, ಆಮೇಲೆ ಇಣುಕಿದಳು. ಉಣ್ಣಲು ಕೂಡುವ ಹೊತ್ತಿಗೆ ಯಾರೂ ಹೇಳದೆಯೇ ಒಳಗೆ ಹೋಗಿ, ಒಂದು ತಾಟನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಬಾಗಿಲ ಹತ್ತಿರ ನನಗಾಗಿ ಇಟ್ಟಳು. ಇಟ್ಟು, ದೂರ ಸರಿದು ಕೈ ಹಿಂದೆ ಕಟ್ಟಿಕೊಂಡು ನಿಂತಳು. ಅವ್ವ ಹೇಳಿದ್ದನ್ನು ಮರೆತಿಲ್ಲ ಎಂಬ ಹೆಮ್ಮೆ ಆ ಮುಖದಲ್ಲಿ.

ಅಲ್ಲೇ ಕೂತು ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಅನ್ನ ಕಲಸಿ ನಾನೊಂದು ತುತ್ತು ಉಂಡೆ, ಅದೇ ತಾಟಿನಿಂದ ಅವಳ ಬಾಯಿಯ ಹತ್ತಿರ ಇನ್ನೊಂದು ತುತ್ತು ಹಿಡಿದೆ. ಅವಳು ತುಟಿ ಬಿಗಿಹಿಡಿದು ಅಜ್ಜಿಯ ಮುಖ ನೋಡಿದಳು. ಅತ್ತೆ ತಲೆಯಾಡಿಸಿದರು. ಆಮೇಲೆ ನನ್ನ ಮುಖವನ್ನೂ ಒಮ್ಮೆ ನೋಡಿ, ಬಾಯಿ ತೆರೆದಳು.