ರವಿವಾರದ ನೀರು, ಸೋಮವಾರದ ನೊಗ

ನರಗುಂದದಲ್ಲಿ ನಮ್ಮ ಕ್ರೈಸ್ತ ಸಭೆ ಚಿಕ್ಕದು. ಹಬ್ಬದ ದಿನವೂ ಹಿಂದಿನ ಬೆಂಚು ಖಾಲಿ ಉಳಿಯುತ್ತದೆ. ಸಭೆ ಚಿಕ್ಕದಾದಷ್ಟೂ ಕಾರ್ಯದರ್ಶಿ ದೊಡ್ಡವನಾಗಿರಬೇಕೆಂದು ನಂಬಿ ಆ ಹೊಣೆಯನ್ನು ನಾನು ಬಹಳ ವರ್ಷ ಹೊತ್ತಿದ್ದೇನೆ. ರವಿವಾರ ಕೆಲಸ ಮಾಡಬಾರದೆಂಬ ಆಜ್ಞೆಯನ್ನು ನನ್ನಷ್ಟು ಬಿಗಿಯಾಗಿ ಕಾಯ್ದವರು ಇಲ್ಲಿ ಇನ್ನೊಬ್ಬರಿಲ್ಲ.

ಒಂದು ವರ್ಷ ಹಿಂಗಾರಿನಲ್ಲಿ ಕಾಲುವೆ ನೀರಿನ ಪಾಳಿ ನನ್ನ ಹೊಲಕ್ಕೆ ಪ್ರತಿ ರವಿವಾರ ಬೆಳಿಗ್ಗೆ ಬಂತು, ಸರಿಯಾಗಿ ಆರಾಧನೆಯ ಹೊತ್ತಿಗೆ. ನಾನು ಸಲಿಕೆ ಮುಟ್ಟಲಿಲ್ಲ. ಪಕ್ಕದ ಹೊಲದ ಗೌಡರು ಮಣ್ಣಿನ ಮಡೆ ಒಡೆದು ನನ್ನ ನೀರು ತಿರುವಿ ಕೊಡುತ್ತಿದ್ದರು. ಅವರದೂ ಒಂದು ಕಟ್ಟಳೆ ಇತ್ತು: ಸೋಮವಾರ ಬಸವಣ್ಣನ ದಿನ, ಮನೆಯ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಹಾಗಾಗಿ ಸೋಮವಾರ ನನ್ನ ಎತ್ತುಗಳು ಅವರ ಹೊಲದ ಸಾಲುಗಳ ನಡುವೆ ಎಡೆಕುಂಟೆ ಎಳೆಯುತ್ತಿದ್ದವು. ಎರಡು ಧರ್ಮಗಳೂ ಉಳಿದವು, ಎರಡು ಹೊಲಗಳೂ ಹಸನಾದವು. ಎತ್ತುಗಳ ಅಭಿಪ್ರಾಯ ಯಾರೂ ಕೇಳಲಿಲ್ಲ.

ಒಂದು ರವಿವಾರ ಸಭಾಪಾಲಕರ ಪ್ರಸಂಗ ಅರ್ಧ ಮುಗಿದ ಮೇಲೆ ಸಭೆಯ ವಿಧವೆಯೊಬ್ಬಳು ಒಳಗೆ ಬಂದಳು. ಮೀನಖಂಡದವರೆಗೆ ಕೆಸರು, ಸೀರೆಯ ಅಂಚಿನಲ್ಲೂ ಕೆಸರು. ಆರಾಧನೆ ಮುಗಿದೊಡನೆ ನಾನು ಕಮಿಟಿ ಕೂಡಿಸಿದೆ. ರೋಣದಿಂದ ಬರುವ ಸಭಾಪಾಲಕರು ಬಸ್ಸಿನ ಹೊತ್ತಾಯಿತೆಂದು ಗಡಿಯಾರ ನೋಡುತ್ತಲೇ ಕೂತರು.

"ಐತಾರ ದಿನಾ ಕೆಲಸಾ ಮಾಡೀಯೇನವಾ?" ಎಂದು ಕೇಳಿದೆ.

"ಮಾಡೀನ್ರಿ," ಎಂದಳು.

ಅಷ್ಟೇ. ಮುಂದಿನ ರವಿವಾರ ಪ್ರಭುಭೋಜನವಿತ್ತು. ಆಕೆಗೆ ರೊಟ್ಟಿ, ದ್ರಾಕ್ಷಾರಸದ ಪಾತ್ರೆ ಎರಡೂ ಕೊಡಕೂಡದೆಂದು ನಾನು ಸೂಚಿಸಿದೆ. ಗಂಡ ತೀರಿದಂದಿನಿಂದ ಆಕೆ ಒಂದು ಪ್ರಭುಭೋಜನವನ್ನೂ ತಪ್ಪಿಸಿದವಳಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದುಹೋದಳು. ಸಭಾಪಾಲಕರು, "ವಾರದಾಗ ವಿಚಾರ ಮಾಡೂಣು ತಗೋರಿ," ಎಂದು ಬಸ್ ಹಿಡಿದರು.

ಮರುದಿನ ಎತ್ತು ಹೊಡೆದುಕೊಂಡು ಗೌಡರ ಹೊಲಕ್ಕೆ ಹೋದೆ. ನನ್ನ ಹೊಲ ಚೆನ್ನಾಗಿ ನೆನೆದಿತ್ತು.

"ನಿನ್ನೆ ನೀರ ಭಾಳ ಚಲೋ ಉಣಿಸೀರಿ ಗೌಡ್ರ."

"ನಾ ಎಲ್ಲಿ ಉಣಿಸೀನೋ ಮಾರಾಯಾ. ನಾ ಗಜೇಂದ್ರಗಡದಾಗ ಬೀಗರ ಮನ್ಯಾಗಿದ್ದೆ, ನಿನ್ನ ನೀರಿನ ನೆಪ್ಪ ಹಾರಿತ್ತು. ನಿಮ್ಮ ಚರ್ಚಿನ ಆ ಅಕ್ಕ ತಿರುವ್ಯಾಳ. ನಮ್ಮ ಮನ್ಯಾಕಿ ನೋಡ್ಯಾಳ. ನೀರ ರಸ್ತೇಕ ಹೊಂಟಿತ್ತಂತ, ಕೈಲೇ ಮಣ್ಣ ಬಗದು ತಿರುವ್ಯಾಳ."

ಗೌಡರು ಎಲೆ ಅಡಿಕೆ ಬಾಯಿಗಿಟ್ಟುಕೊಂಡು, "ನಾ ತಿರುವಿದ್ರ ಪಾಪ ಹತ್ತೂದಿಲ್ಲ, ಅಕಿ ತಿರುವಿದ್ರ ಹತ್ತತೈತೇನು?" ಎಂದರು. ನನಗೆ ಬೈಬಲಿನ ವಚನಗಳು ನೂರಾರು ಬಾಯಿಪಾಠ. ಅವನ್ನು ಬಿಟ್ಟು ಎತ್ತುಗಳ ಹೆಗಲಿಗೆ ನೊಗ ಇಟ್ಟೆ.

ಸಂಜೆ ಆಕೆಯ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು.

"ನನ್ನ ಹೊಲದಾಗಂತ ಯಾಕ ಹೇಳ್ಲಿಲ್ಲವಾ?"

"ಕೆಲಸಾ ಮಾಡೀಯೇನು ಅಂದ್ರಿ, ಮಾಡೀನಿ ಅಂದೆ. ಯಾರ ಹೊಲದಾಗ ಅಂತ ನೀವ ಕೇಳ್ಲಿಲ್ಲಲ್ರಿ ಕಾಕಾ," ಎಂದು ರೊಟ್ಟಿ ತಿರುವಿ ಹಾಕಿದಳು.

ಮುಂದಿನ ರವಿವಾರ ಆರಾಧನೆಗೆ ಮೊದಲು ಕಮಿಟಿಯ ಮುಂದೆ ಸೂಚನೆ ಹಿಂದಕ್ಕೆ ಪಡೆದೆ. ಕಾರಣ ಹೇಳದೆ ಪಡೆಯಲು ನಿಯಮದಲ್ಲಿ ಅವಕಾಶವಿತ್ತು; ಆ ನಿಯಮ ಬರೆದವನೂ ನಾನೇ. ಆದರೂ ಕಾರಣ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

ನಮ್ಮಲ್ಲಿ ಪಾತ್ರೆ ಒಯ್ಯುವುದು ಕಾರ್ಯದರ್ಶಿಯ ಕೆಲಸ. ಆಕೆಯ ಬೆಂಚಿನ ಬಳಿ ನಿಂತೆ. ಆಕೆ ಕುಡಿದು, ಮೆಲ್ಲನೆ ಕೇಳಿದಳು: "ಇವತ್ತ ಗೌಡ್ರು ಊರಾಗ ಅದಾರಲ್ರಿ?"

"ಅದಾರ. ನೀರ ತಿರುವೂದ ಬ್ಯಾಡಂತ ಹೇಳೀನಿ," ಎಂದೆ.

ಆಕೆ ನನ್ನ ಬರಿಗಾಲು ನೋಡಿದಳು. ನಸುಕಿನಲ್ಲೇ ಮಡೆ ಒಡೆದಿಟ್ಟು, ಬಾವಿಕಟ್ಟೆಯಲ್ಲಿ ಎರಡು ಸಲ ತೊಳೆದು ಬಂದಿದ್ದೆ. ಆದರೆ ಎರೆಮಣ್ಣು ಉಗುರ ಸಂದಿ ಸೇರಿದರೆ ಅಷ್ಟು ಬೇಗ ಬಿಡುವುದಿಲ್ಲ.