ಕಾರು ನಮಗೆ, ಟಾಪು ದೊಡ್ಡಪ್ಪನಿಗೆ

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಆರೂವರೆ. ಬಸವಕಲ್ಯಾಣ.

ಹೊಸ ರೆಕ್ಸಿನ್ನಿನ ವಾಸನೆ ನನಗೆ ಆಗಿಬರುವುದಿಲ್ಲ. ಮುತ್ಯಾ ಅಂದರೆ ನಮ್ಮ ಅಜ್ಜ; ಅವನ ಕಾಲದ ಕಾರಿಗೆ ಬಟ್ಟೆಯ ಟಾಪು ಹಾಕಿಸಬೇಕೆಂದು ಈ ಬೇಸಿಗೆಯಲ್ಲಿ ಹನ್ನೊಂದು ಅಂಗಡಿ ಹತ್ತಿ ಇಳಿದೆ. ಹೋದ ದಿನ, ಸಿಕ್ಕ ಉತ್ತರ ಎಲ್ಲ ಬರೆದಿಟ್ಟಿದ್ದೇನೆ. ಉತ್ತರ ಎಲ್ಲ ಕಡೆಯೂ ಒಂದೇ, ರೆಕ್ಸಿನ್. ಬೆರಳಿಟ್ಟರೆ ಜಾರುವ ಆ ಕಪ್ಪು ಹಾಳೆಯನ್ನು ಅವರು ಬಿಚ್ಚಿ ಹಾಸಿದಾಗೆಲ್ಲ ನನಗೆ ಇನ್ನೊಂದು ವಾಸನೆ ನೆನಪಾಗುತ್ತಿತ್ತು. ಮಳೆಗೆ ನೆನೆದ ದಪ್ಪ ಹತ್ತಿಬಟ್ಟೆ, ಅದರೊಳಗೆ ಬೆಚ್ಚಗಾದ ರಬ್ಬರು, ನೀರು ಇಳಿಯಬಾರದೆಂದು ನಮ್ಮ ಅಜ್ಜಿ, ಆಯಿ, ಹೊಲಿಗೆಗುಂಟ ತಿಕ್ಕುತ್ತಿದ್ದ ಜೇನುಮೇಣ. ಆ ವಾಸನೆಯ ಬಟ್ಟೆ ಕೇಳಿದರೆ ಅಂಗಡಿಯವರು ನಗುತ್ತಾರೆ. ಹಳೆಯ ಮನೆ ಕಳೆದುಕೊಂಡವರು ನೀವೂ ಆಗಿದ್ದರೆ ನಗಲಾರಿರಿ.

ಕೋಟೆಯ ಕಡೆಯ ಓಣಿಯಲ್ಲಿ ನಮ್ಮ ವಾಡೆ ಇತ್ತು. ಅದರ ಅಂಗಳದಲ್ಲಿ ಮುತ್ಯಾನ ಅಪ್ಪ ಯಾರೋ ಸಾಹೇಬರಿಂದ ಕೊಂಡಿದ್ದ ಕಾರು ನಿಂತಿರುತ್ತಿತ್ತು. ಅದಕ್ಕೆ ತಗಡಿನ ಮಾಡು ಇರಲಿಲ್ಲ. ಕಬ್ಬಿಣದ ಕಮಾನುಗಳ ಮೇಲೆ ಎಳೆದುಕೊಂಡು, ಬೇಡವಾದಾಗ ಹಿಂದಕ್ಕೆ ಮಡಚುವ ಬಟ್ಟೆಯ ಹೊದಿಕೆ. ನಾವೆಲ್ಲ ಅದನ್ನು ಟಾಪು ಎನ್ನುತ್ತಿದ್ದೆವು. ಹುಮನಾಬಾದಿನ ಬೀಗರ ಮನೆಗೆ ಹೊರಟರೆ ಮುತ್ಯಾನ ಕೈಯಲ್ಲಿ ಸ್ಟೇರಿಂಗು, ಪಕ್ಕದಲ್ಲಿ ಆಯಿ, ಹಿಂದೆ ಒಬ್ಬರ ತೊಡೆಯ ಮೇಲೊಬ್ಬರು ನಾವು. ಇಕ್ಕೆಲಗಳ ಪಾವಟಿಗೆಯ ಮೇಲೆ ಅಪ್ಪ, ದೊಡ್ಡಪ್ಪ ನಿಂತುಕೊಳ್ಳುತ್ತಿದ್ದರು. ಮೊದಲ ಹನಿ ಬಿದ್ದರೆ ಸಾಕು, ಮುತ್ಯಾ ಕಾರು ನಿಲ್ಲಿಸುವ ಮೊದಲೇ ಇಬ್ಬರೂ ಇಳಿದು, ಎಡದಿಂದ ಒಬ್ಬ ಬಲದಿಂದ ಒಬ್ಬ ಟಾಪನ್ನು ಮುಂದಕ್ಕೆ ಎಳೆದು ಕೊಂಡಿ ಹಾಕುತ್ತಿದ್ದರು. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಒಬ್ಬರಿಗೊಬ್ಬರು ಮಾತಾಡಿದ್ದನ್ನೂ ನಾನು ಕೇಳಿಲ್ಲ. ಆಮೇಲೆ ಹೊಲಗಳ ನಡುವೆ, ಆ ಕತ್ತಲೆಯ ಗೂಡಿನಲ್ಲಿ, ತಲೆಯ ಮೇಲೆ ಮಳೆ ಜೋಳ ಸುರಿದಂತೆ ಸದ್ದು ಮಾಡುತ್ತಿತ್ತು. ನಾವೆಲ್ಲರೂ ಒಂದೇ ಮಾಡಿನ ಕೆಳಗೆ ಅಷ್ಟು ಹತ್ತಿರ ಕೂತದ್ದು ಅಲ್ಲಿ ಮಾತ್ರ. ವಾಡೆಯಲ್ಲಿ ಆಗಲೇ ಎರಡು ಒಲೆ ಉರಿಯುತ್ತಿದ್ದವು.

ಮುತ್ಯಾ ತೀರಿಕೊಂಡ ಮೇಲೆ ಪಂಚರು ಕೂತು ಹಿಸ್ಸೆ ಮಾಡಿದರು. ಹೊಲ, ವಾಡೆ, ದನ ಎಲ್ಲ ಎರಡಾದವು. ಕಾರನ್ನು ಎರಡು ಮಾಡುವುದು ಹೇಗೆಂದು ಹಿರಿಯರು ತಲೆ ಕೆರೆದುಕೊಳ್ಳುತ್ತಿದ್ದಾಗ ದೊಡ್ಡಪ್ಪ ಎದ್ದು ನಿಂತು ಅಪ್ಪನಿಗೆ ಹೇಳಿದ ಮಾತು ಇವತ್ತಿಗೂ ಓಣಿಯ ಬಾಯಲ್ಲಿದೆ: "ಕಾರ್ ನೀ ಇಟ್ಕೋ. ಅದರ ನೆಳ್ಳು ನನಗ ಕೊಡು." ಎಲ್ಲರೂ ನಕ್ಕರು, ಯಾರೂ ತಡೆಯಲಿಲ್ಲ. ದೊಡ್ಡಪ್ಪ ತಾನೇ ಕೂತು ತಿರುಪು ಬಿಚ್ಚಿ, ಕಮಾನಿನ ಸಮೇತ ಟಾಪನ್ನು ಟೆಂಪೋದಲ್ಲಿ ಹೇರಿಕೊಂಡು ಹುಮನಾಬಾದಿಗೆ ಹೋದ. ಅಪ್ಪನೇನು ಕಡಿಮೆಯಲ್ಲ. ಕಾರನ್ನು ಬಯಲಲ್ಲೇ ನಿಲ್ಲಿಸಿದ. ಒಂದು ತಾಡಪತ್ರಿ ಹೊಚ್ಚಲೂ ಬಿಡಲಿಲ್ಲ. ತೆಗೆದವನೇ ತಂದು ಹಾಕಲಿ ಅಂದ. ಮಳೆಗೆ ಸೀಟು ಕೊಳೆತು, ಬೆಕ್ಕು ಅದರಲ್ಲಿ ಮರಿ ಹಾಕಿತು. ದೊಡ್ಡಪ್ಪ ತನ್ನ ಪಾಲಿನ ವಾಡೆ ಮಾರಿದ, ಅಲ್ಲಿ ಅಂಗಡಿಗಳ ಸಾಲು ಎದ್ದಿತು. ನಮ್ಮ ಪಾಲು ತಾನಾಗಿ ಕುಸಿಯಿತು. ಇಬ್ಬರನ್ನೂ ನಾನು ಕ್ಷಮಿಸಿಲ್ಲ. ಸತ್ತವರ ಮೇಲೆ ಸಿಟ್ಟಿರಬಾರದು ಎನ್ನುತ್ತಾರೆ. ಹೋದ ವರ್ಷ ಅಪ್ಪ ಸತ್ತ ಮೇಲೆಯೂ ನನ್ನದು ಹಾಗೆಯೇ ಇದೆ.

ಅಪ್ಪ ಹೋದ ಮೇಲೆ ಕಾರನ್ನು ನಾನೇ ರಿಪೇರಿಗೆ ಹಾಕಿದೆ. ಎಂಜಿನ್ನಿಗೆ ಜೀವ ಬಂತು, ಬಾಗಿಲುಗಳಿಗೆ ಬಣ್ಣ ಬಂತು, ಹೊಸ ಕಮಾನುಗಳೂ ಬಂದವು. ಉಳಿದದ್ದು ಟಾಪು. ರೆಕ್ಸಿನ್ ಹಾಕಿಸಿದರೆ ಅದು ಯಾರದೋ ಮದುವೆಯ ಬಾಡಿಗೆ ಗಾಡಿಯಾಗುತ್ತದೆ, ನಮ್ಮ ಮನೆಯ ಕೊನೆಯ ಮಾಡು ಆಗುವುದಿಲ್ಲ. ಸೀಟು ಹೊಲಿಯುವ ಮುದುಕ ಚಾಚಾನ ಮುಂದೆ ಆ ಬಟ್ಟೆಯನ್ನು ಎಷ್ಟು ವರ್ಣಿಸಿದರೂ ಅವನು ಸೂಜಿಯಿಂದ ಕಣ್ಣೆತ್ತಲಿಲ್ಲ. "ನಮೂನಾ ತಗೊಂಡ ಬಾ ಬೇಟಿ. ಬಾಯಿಲೆ ಹೇಳಿದ್ರ ನಾನೂ ಬಾಯಿಲೇ ಹೊಲೀತೀನಿ," ಅಂದ. ನಮೂನೆ ಇದ್ದದ್ದು ಒಂದೇ ಕಡೆ. ಹಾಗಾಗಿ ಮೊನ್ನೆ ಶುಕ್ರವಾರ ಹುಮನಾಬಾದಿನ ಬಸ್ಸು ಹತ್ತಿದೆ.

ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ಗುರುತು ಸಿಕ್ಕರೂ ಸ್ವಲ್ಪ ಹೊತ್ತು ಸಿಗದವನಂತೆ ನೋಡಿದ.

"ನಿಮ್ಮಪ್ಪ ಹೋದ ಮ್ಯಾಲ ದಾರಿ ಸಿಕ್ತೇನು ನಿನಗ?"

"ದಾರಿ ಮೊದಲೇ ಗೊತ್ತಿತ್ತು ದೊಡ್ಡಪ್ಪಾ. ಅಪ್ಪನ ಮಣ್ಣಿಗೆ ಬರ್ತೀರಂತ ನಾವೇ ನಿಮ್ಮ ದಾರಿ ನೋಡಿದ್ವಿ."

ಒಳಗಿನಿಂದ ದೊಡ್ಡವ್ವ ನೀರು ತಂದಳು. ಮೊದಲು ಕುಡಿ, ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ ಅಂದಳು. ನಾನು ಕೇಳಿದ್ದು ಟಾಪನ್ನಲ್ಲ, ಅಂಗೈಯಗಲದ ಒಂದು ತುಂಡು. ದೊಡ್ಡಪ್ಪ, ಅದು ಹಿಸ್ಸೆಯಲ್ಲಿ ಬಂದದ್ದು, ಒಂದು ದಾರವನ್ನೂ ಕೊಡುವುದಿಲ್ಲ, ಬೇಕಾದರೆ ನೋಡಿ ಹೋಗು ಅಂದ. ತೋರಿಸುವ ಹೆಮ್ಮೆಯನ್ನು ಮಾತ್ರ ತಡೆಯಲಾಗಲಿಲ್ಲ. ಉಡಿದಾರದಿಂದ ಕೀಲಿ ಬಿಚ್ಚಿ, ಕೋಣೆಯ ಮೂಲೆಯ ಕಬ್ಬಿಣದ ಪೆಟ್ಟಿಗೆಯ ಮುಂದೆ ಕೂತ. ದೊಡ್ಡವ್ವ ನನ್ನ ಕಿವಿಯ ಹತ್ತಿರ ಹೇಳಿದಳು: "ನನ್ನ ತೌರಮನಿ ಪೆಟ್ಟಿಗಿ ಅದು. ಒಂದ ವರ್ಷ ತೊಗರಿ ರಾಶಿ ತೊಯ್ಯಾಕತ್ತಿತ್ತು, ಹೊಚ್ಚಾಕ ಈ ಟಾಪು ಬೇಡಿದೆ. ರಾಶಿ ಹೋದ್ರ ಹೋಗ್ಲಿ ಅಂದ್ರು."

ಮುಚ್ಚಳ ತೆರೆದೊಡನೆ ವಾಸನೆ ಬಂತು. ಅದೇ. ನಾನೂ ಪೆಟ್ಟಿಗೆಯ ಪಕ್ಕ ಕೂತೆ. ಕಮಾನು ಬಿಚ್ಚಿ ಮಡಚಿಟ್ಟಿದ್ದ ಟಾಪಿನ ಮಡಿಕೆಯೊಂದನ್ನು ದೊಡ್ಡಪ್ಪ ಎತ್ತಲು ಹೋದ. ಅದು ಏಳಲಿಲ್ಲ. ಯಾವುದೋ ಬೇಸಿಗೆಯಲ್ಲಿ ರಬ್ಬರು ಕರಗಿ, ಮಡಿಕೆಗೆ ಮಡಿಕೆ ಅಂಟಿ, ಇಡೀ ಟಾಪು ಒಂದು ಹಲಗೆಯಾಗಿತ್ತು. ಉಗುರು ಹಾಕಿ ಜಗ್ಗಿದ. ಅಂಚು ಒಣರೊಟ್ಟಿಯಂತೆ ಮುರಿದು ಕೈಗೆ ಬಂತು.

"ಇದಕ್ಕ ನಾ ಒಂದ ದಿನಾನೂ ಕೈ ಹಚ್ಚಿಲ್ಲ," ಅಂದ, ಪಂಚರ ಮುಂದೆ ಸಾಕ್ಷಿ ನುಡಿಯುವವನಂತೆ. ಮುರಿದ ಅಂಚನ್ನು ಅದರ ಜಾಗಕ್ಕೆ ಒತ್ತುತ್ತ, "ನಿಮ್ಮಪ್ಪ ಒಂದ ಸಲಾ ಬಂದು ಕೇಳಿದ್ರ..."

"ಕೇಳ್ತಾನಂತ ನೀವು ಕುಂತ್ರಿ, ಕೊಡ್ತಾನಂತ ಅವ ಕುಂತ," ಅಂದೆ. ಹೇಳಬಾರದಿತ್ತು ಅಂತ ನನಗೆ ಈಗಲೂ ಅನ್ನಿಸಿಲ್ಲ.

ಅವನ ಕೈಯಿಂದ ಮುರಿದ ತುಂಡು ನೆಲಕ್ಕೆ ಬಿತ್ತು. ಆ ಹಲಗೆಯ ಮೇಲೆ ಮುಚ್ಚಳ ಹಾಕಿ, ಮತ್ತೆ ಕೀಲಿ ಜಡಿದು, ಎರಡು ಸಲ ಜಗ್ಗಿ ನೋಡಿದ. ತುಂಡನ್ನು ದೊಡ್ಡವ್ವ ಸೆರಗಿನಲ್ಲಿ ಒರೆಸಿ ನನ್ನ ಚೀಲಕ್ಕೆ ಹಾಕಿದಳು. ಬಾಗಿಲವರೆಗೆ ಅವಳೊಬ್ಬಳೇ ಬಂದಳು.

ನಿನ್ನೆ ಚಾಚಾ ಅದನ್ನು ಬೆಳಕಿಗೆ ಹಿಡಿದು ನೋಡಿದ. ಎರಡು ಪದರ ಹತ್ತಿಬಟ್ಟೆ, ನಡುವೆ ರಬ್ಬರು. ಬಿಸಿಲು ಕಾಣದ ಮಡಿಕೆಯೊಳಗೆ ಬಣ್ಣ ಹಾಗೇ ಉಳಿದಿದೆ, ಗಾಢ ಹಸಿರು. ನನ್ನ ನೆನಪಿನಲ್ಲಿ ಅದು ಕಪ್ಪಿತ್ತು. ಇಂಥ ಮಾಲು ಬಾಜಾರಿನಲ್ಲಿ ನೋಡಿ ಎಷ್ಟೋ ಕಾಲವಾಯಿತು, ಹೈದರಾಬಾದಿನಲ್ಲೂ ಸಿಗಲಿಕ್ಕಿಲ್ಲ ಅಂದ.

ಈ ಬಟ್ಟೆ ಈಗ ಎಲ್ಲಿ ನೇಯುತ್ತಾರೆ, ಯಾರು ಮಾರುತ್ತಾರೆ ಎಂದು ಬಲ್ಲವರಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಅಳತೆ ಕಳಿಸುತ್ತೇನೆ. ನಿಮ್ಮ ಮನೆಯಲ್ಲೇ ಯಾವುದಾದರೂ ಪೆಟ್ಟಿಗೆಯಲ್ಲಿ ಇಂಥದೊಂದು ಮಡಚಿಟ್ಟಿದ್ದರೆ ನನಗೆ ಕೊಡಬೇಡಿ. ಅದು ಯಾರ ಪಾಲಿನದೇ ಇರಲಿ, ಇವತ್ತೇ ಮಡಿಕೆ ಬಿಚ್ಚಿ.