ಟ್ರಾಲಿಯ ಮೇಲಿನ ದೇವಕಮ್ಮ

ಕೃಷ್ಣೆಯ ಕಾಲುವೆ ದೇವಾಪುರಕ್ಕೆ ಬಂದ ಮೇಲೆ ಊರೆಲ್ಲ ಭತ್ತದ ಪಕ್ಷ ಸೇರಿತು. ವಿರೋಧ ಪಕ್ಷದಲ್ಲಿ ಉಳಿದವಳು ದೇವಕಮ್ಮ ಒಬ್ಬಳೇ. ಕಾಲುವೆ ದಂಡೆಯ ಹೊಲದ ಮೂಲೆಯಲ್ಲಿ ಆಕೆ ಚೆಂಡುಹೂ ಬೆಳೆದು, ಶಹಾಪುರದಲ್ಲಿ ಮಾರಿ, ಸಾಮ್ರಾಜ್ಞಿಯ ಗತ್ತಿನಲ್ಲಿ ಬಸ್ಸು ಹತ್ತಿ ಮರಳುತ್ತಿದ್ದಳು.

ಆ ಮೂಲೆಯ ಮೇಲೆ ಗಂಡ ದ್ಯಾವಪ್ಪನ ಕಣ್ಣು. "ಹೂ ಕುದಿಸಿ ಉಣ್ಣಾಕ ಆಗ್ತದೇನ? ಈ ಸಲ ಅಲ್ಲೂ ನೆಲ್ಲು ಹಚ್ಚತೀನಿ," ಎಂದು ಯುದ್ಧ ಸಾರಿದ.

ಅದೇ ವಾರ ಮನೆಯ ಟ್ರ್ಯಾಕ್ಟರಿಗೆ ಹೊಸ ಟ್ರಾಲಿ ಬಂತು. ಅದರ ಹಿಂಬದಿಯ ಹಲಗೆಗೆ ಹುಲಿ ಬರೆಸಲು ದ್ಯಾವಪ್ಪ ಪೇಂಟರ್ ಮಸ್ತಾನಸಾಬನನ್ನು ಕರೆಸಿದ. ದೇವಕಮ್ಮ ಅಡ್ಡ ನಿಂತಳು. ಶಹಾಪುರದ ಗೊಬ್ಬರದಂಗಡಿಯಲ್ಲೊಂದು ಹಳೆಯ ಕ್ಯಾಲೆಂಡರ್ ಇತ್ತು. ಅದರಲ್ಲಿ ಹೂದೋಟದ ನಡುವೆ ಕೊಡೆ ಹಿಡಿದು ನಿಂತ ವಿದೇಶಿ ಹೆಂಗಸು. ದೇವಕಮ್ಮ ಅದನ್ನು ರಸ್ತೆಯಾಚೆಯಿಂದ ಎಷ್ಟೋ ಸಲ ನೋಡಿದ್ದಳು.

"ಸಾಬಣ್ಣ, ಗೊಬ್ಬರದಂಗಡಿ ಕ್ಯಾಲೆಂಡರದಾಗ ಕೊಡಿ ಹಿಡದಾಕಿ ಅದಾಳಲ್ಲ, ಆಕೀ ಜಾಗಾದಾಗ ನಾ ಇರಬೇಕು ನೋಡು. ನನ್ನ ತ್ವಾಟದಾಗ."

"ಆಗ್ಲಿ," ಎಂದ ದ್ಯಾವಪ್ಪ, ಉದಾರಿ ಅರಸನಂತೆ. "ಪಟದಾಗ ನೀ ಕಂಡ್ರ ತ್ವಾಟ ನಿಂದು. ಕಾಣಲಿಲ್ಲಂದ್ರ ನೆಲ್ಲು."

ಮಸ್ತಾನಸಾಬ ಕ್ಯಾಲೆಂಡರ್ ಕೇಳಿ ತಂದು ಕಣ್ಣಿಗೆ ಹತ್ತಿರ ಹಿಡಿದ. ಗೆರೆಯೇ ಇಲ್ಲ, ಬರೀ ಬಣ್ಣದ ಚುಕ್ಕೆಗಳು! ಸರಿ, ಟ್ರಾಲಿಯನ್ನು ತೋಟದ ಪಕ್ಕ ನಿಲ್ಲಿಸಿಕೊಂಡು ತಾನೂ ಹಾಗೇ ಚುಕ್ಕೆ ಒತ್ತುತ್ತ ಹೋದ.

ಪಟ ಒಣಗಿದ ದಿನ ಊರು ನೆರೆಯಿತು. ನಮ್ಮಲ್ಲಿ ಹತ್ತಿಯಾಗಲಿ ಕಾಳಾಗಲಿ, ಕಣ್ಣಿಗೆ ಹಿಡಿದು ಬೆರಳಲ್ಲಿ ಉಜ್ಜಿ ನೋಡದೆ ಯಾರೂ ಮಾತಾಡುವುದಿಲ್ಲ. ಚಿತ್ರಕ್ಕೂ ಅದೇ ಪರೀಕ್ಷೆ. ದ್ಯಾವಪ್ಪ ಹಲಗೆಗೆ ಮೂಗು ಹಚ್ಚಿದ.

"ಎಲ್ಲದಾಳಪ್ಪ ನಮ್ಮಾಕಿ? ಅರಿಷಿಣದ ಡಬ್ಬಿ ಚೆಲ್ಲಿದಂಗದ!"

ಜನ ನಕ್ಕರು. ದೇವಕಮ್ಮನೂ ಹಲಗೆಗೆ ಮೂಗು ತಾಗಿಸಿ ಹುಡುಕಿದಳು; ಅಲ್ಲಿ ಆಕೆಗೆ ಮೂಗೇ ಇರಲಿಲ್ಲ. ಮುಖ ಬಾಡಿತು.

ಗೆದ್ದ ದ್ಯಾವಪ್ಪ ಮೀಸೆ ತಿರುವಿ, ಸುತ್ತಲಿನವರಿಗೆ ಕೈಮುಗಿಯುತ್ತ ಹಿಂದಹಿಂದಕ್ಕೆ ಸರಿದ. ವೀರರು ಹಿಂತಿರುಗಿ ನೋಡುವುದಿಲ್ಲ. ಧೊಪ್ಪನೆ ಕಾಲುವೆಗೆ ಬಿದ್ದ.

ಸೊಂಟಮಟ್ಟದ ನೀರಿನಿಂದ ಎದ್ದವನು ಟ್ರಾಲಿಯತ್ತ ನೋಡಿ ಬಾಯಿ ತೆರೆದ. ಚುಕ್ಕೆಗಳೆಲ್ಲ ಕೂಡಿಕೊಂಡು, ಹೂಗಳ ನಡುವೆ ಆಕೆ ನಿಂತಿದ್ದಳು: ಕೆಂಪು ಸೀರೆ, ಸೊಂಟದ ಮೇಲೆ ಕೈ, ಜಗಳಕ್ಕೆ ಸಿದ್ಧ.

"ಏ, ಅದಾಳ! ನಮ್ಮಾಕೀನ ಅದಾಳ! ನನಗ ಬೈಯಾಕ ನಿಂತಾಳ!"

"ಮೊದ್ಲ ಮ್ಯಾಲ ಬರ್ರಿ," ದೇವಕಮ್ಮ ಕೈ ಚಾಚಿದಳು.

"ತಡಿ ಬೇ, ಇನ್ನೊಮ್ಮಿ ನೋಡ್ತೀನಿ."

ಆ ಹಂಗಾಮಿನಲ್ಲಿ ಭತ್ತದ ಸಸಿ ಚೆಂಡುಹೂವಿನ ಬದುವಿನವರೆಗೆ ಬಂದು ನಿಂತಿತು. ದೇವಕಮ್ಮ ಈಗ ಬಸ್ಸು ಹತ್ತುವುದಿಲ್ಲ. ಹೂಬುಟ್ಟಿಗಳ ಜೊತೆ ಟ್ರಾಲಿಯಲ್ಲೇ ಶಹಾಪುರಕ್ಕೆ ಹೋಗುತ್ತಾಳೆ. ಹಿಂದೆ ಬರುವ ಗಾಡಿಯವರು ದೂರದಿಂದ ಪಟದ ದೇವಕಮ್ಮನಿಗೆ ಕೈಬೀಸುತ್ತಾರೆ, ಹತ್ತಿರ ಬಂದು ಕಣ್ಣುಜ್ಜಿಕೊಳ್ಳುತ್ತಾರೆ.